ಜಾಕಿಗೆ ರೊಕ್ಕ ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಮ್ಮದು ರಾಯಬಾಗ ತಾಲ್ಲೂಕಿನ ಒಂದು ಹಳ್ಳಿ. ಮಗನಿಗೆ 16 ವರ್ಷ, ತೂಕ 43 ಕೆಜಿ. ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ. ಜಾತ್ರೆಯ ಕುದುರೆ ಶರ್ಯತ್ತಿನಲ್ಲಿ ಗೆದ್ದ ಮೇಲೆ ಜಾಕಿನೇ ಆಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಜಾಕಿಗಳು ಲಕ್ಷಗಟ್ಟಲೆ ಗಳಿಸುತ್ತಾರೆ ಅಂತ ಅವನ ಗೆಳೆಯರು ತಲೆಗೆ ತುಂಬಿದ್ದಾರೆ. ನಿಜವಾಗಿಯೂ ಅವರಿಗೆ ರೊಕ್ಕ ಎಲ್ಲಿಂದ ಬರುತ್ತದೆ? ತಿಂಗಳ ಸಂಬಳ ಇದೆಯಾ? ಅವನಿಗೆ ನಾವೊಂದು ಒಳ್ಳೆ ಕುದುರೆ ಕೊಡಿಸಬೇಕಾ?

ಉತ್ತರ: ಸಂಬಳ ಇಲ್ಲ. ಗೆಳೆಯರು ಹೇಳಿದ ಲಕ್ಷದ ಮಾತು ಪೂರ್ತಿ ಸುಳ್ಳೂ ಅಲ್ಲ. ಎರಡೂ ನಿಜ ಆಗಿರುವುದರಿಂದಲೇ ಈ ಕಸುಬಿನ ಲೆಕ್ಕ ಹೊರಗಿನವರಿಗೆ ಬೇಗ ತಲೆಗೆ ಹತ್ತುವುದಿಲ್ಲ. ರೇಸಿನಲ್ಲಿ ಕುದುರೆಯ ಮಾಲೀಕ ಒಬ್ಬ. ಅದನ್ನು ತಯಾರು ಮಾಡುವ ಟ್ರೇನರ್ ಇನ್ನೊಬ್ಬ. ಮೇಲೆ ಕೂರುವ ಜಾಕಿ ಮೂರನೆಯವನು. ರೇಸ್ ನಡೆಸುವ ಕ್ಲಬ್ ಅವನಿಗೆ ಕೊಡುವುದು ಲೈಸೆನ್ಸ್ ಮಾತ್ರ. ಈ ರೇಸಿಗೆ ಈ ಕುದುರೆ ಮೇಲೆ ನೀನು ಕೂತ್ಕೋ ಅಂತ ಟ್ರೇನರ್ ಕರೆದರೆ ಅವತ್ತು ದುಡಿಮೆ ಉಂಟು. ಕರೆಯದಿದ್ದರೆ ಮನೆಯಲ್ಲಿ ಕೂತು ಟಿವಿಯಲ್ಲಿ ರೇಸ್ ನೋಡಬೇಕು.

ನಾನು ಕುದುರೆ ಹತ್ತಿದವನಲ್ಲ. ಪುಣೆಯಲ್ಲಿ ಬಹಳ ವರ್ಷ ರೇಸ್ ಲಾಯಗಳ ಲೆಕ್ಕ ಬರೆದು, ಈಗ ಬೆಳಗಾವಿಯಲ್ಲಿ ಇದ್ದೇನೆ. ಜಾಕಿಗಳ ಆದಾಯ ತೆರಿಗೆಯ ಕಾಗದಗಳೂ ನನ್ನ ಮೇಜಿಗೆ ಬರುತ್ತಿದ್ದವು. ಹಾಗಾಗಿ ಇದನ್ನು ಲೆಕ್ಕದವನ ಕಣ್ಣಿನಿಂದಲೇ ಹೇಳುತ್ತೇನೆ.

ಜಾಕಿಯ ಗಳಿಕೆಗೆ ಮುಖ್ಯವಾಗಿ ಎರಡು ದಾರಿ. ಒಂದು, ಸವಾರಿ ಶುಲ್ಕ. ಗೆಲ್ಲಲಿ, ಕೊನೆಗೆ ಬರಲಿ, ಕುದುರೆ ಮೇಲೆ ಕೂತು ಓಡಿದ್ದಕ್ಕೆ ಇಷ್ಟು ಅಂತ ಕ್ಲಬ್ ಗೊತ್ತು ಮಾಡಿರುತ್ತದೆ. ಮಾಲೀಕನ ಖಾತೆಯಿಂದ ಅದು ಕಡಿತವಾಗಿ ಜಾಕಿಗೆ ಬರುತ್ತದೆ. ಈ ದರ ಕ್ಲಬ್‌ನಿಂದ ಕ್ಲಬ್‌ಗೆ ಬೇರೆ. ಎರಡನೆಯದು, ಬಹುಮಾನದ ಪಾಲು. ನಮ್ಮ ದೇಶದಲ್ಲಿ ಕುದುರೆ ಗೆದ್ದ ಹಣದಲ್ಲಿ ಟ್ರೇನರ್‌ಗೆ ನೂರಕ್ಕೆ 10, ಜಾಕಿಗೆ ನೂರಕ್ಕೆ ಏಳೂವರೆ ಅನ್ನುವುದು ರೂಢಿ. ಅಮೆರಿಕದಲ್ಲಿ ಗೆದ್ದರೆ ಸುಮಾರು 10, ಎರಡು ಮೂರನೇ ಸ್ಥಾನಕ್ಕೆ 5. ಜಪಾನಿನಲ್ಲಿ 5. ಆದರೆ ಜಪಾನಿನ ಬಹುಮಾನ ಎಷ್ಟು ದೊಡ್ಡದೆಂದರೆ ಆ ಐದರಲ್ಲೇ ಜಾಕಿಗಳು ಶ್ರೀಮಂತರಾಗುತ್ತಾರೆ. ಅಂದರೆ ಪಾಲು ಎಷ್ಟು ಅನ್ನುವುದಕ್ಕಿಂತ ಯಾವ ಮೊತ್ತದ ಪಾಲು ಅಂತ ನೋಡಬೇಕು.

ಲೆಕ್ಕ ತೋರಿಸಲು ಸುಮ್ನೆ ಒಂದು ಉದಾಹರಣೆ ತಗೊಳ್ಳೋಣ. ಒಂದು ಸಾಧಾರಣ ರೇಸ್. ಮೊದಲ ಕುದುರೆಗೆ 3 ಲಕ್ಷ, ಎರಡನೆಯದಕ್ಕೆ 1 ಲಕ್ಷ, ಮೂರನೆಯದಕ್ಕೆ 50 ಸಾವಿರ ಅಂತ ಇಟ್ಟುಕೊಳ್ಳಿ. ಗೆದ್ದ ಜಾಕಿಗೆ 22,500 ರೂಪಾಯಿ. ಎರಡನೆಯವನಿಗೆ 7,500. ಮೂರನೆಯವನಿಗೆ 3,750. ಹತ್ತು ಕುದುರೆ ಓಡಿದ್ದರೆ ಹಿಂದೆ ಬಂದವರಲ್ಲಿ ಹೆಚ್ಚಿನವರಿಗೆ ಸವಾರಿ ಶುಲ್ಕ ಬಿಟ್ಟು ಏನೂ ಇಲ್ಲ. ಗೆದ್ದವನಿಗೂ ಎರಡನೆಯವನಿಗೂ ನಡುವೆ ಕುದುರೆಯ ಮೂತಿಯಷ್ಟೇ ಅಂತರ ಇರಬಹುದು. ರೊಕ್ಕದಲ್ಲಿ ಮೂರು ಪಟ್ಟು ಅಂತರ.

ಈಗ ಒಬ್ಬ ನಡುವಿನ ದರ್ಜೆಯ ಜಾಕಿಯ ವಾರಾಂತ್ಯ ನೋಡಿ. ಶನಿವಾರ ಮೂರು ಸವಾರಿ, ಭಾನುವಾರ ಎರಡು. ಒಂದು ಎರಡನೇ ಸ್ಥಾನ, ಉಳಿದವು ಎಲ್ಲೂ ಇಲ್ಲ. ಸವಾರಿಗೆ 2,000 ಅಂತ ಹಿಡಿದರೆ ಐದಕ್ಕೆ 10,000, ಪಾಲು 7,500. ಒಟ್ಟು 17,500. ಕೇಳಲು ಚೆನ್ನಾಗಿದೆ ಅಲ್ವಾ? ಇದರಲ್ಲಿ ತೆರಿಗೆ ಹೋಗಬೇಕು. ಬೂಟು, ಹೆಲ್ಮೆಟ್, ತಡಿ, ಎದೆಗವಚ ಅವನದೇ ಖರ್ಚು. ಸಾಮಾನು ಹಿಡಿದು, ತಡಿ ಬಿಗಿದುಕೊಡುವ ಹುಡುಗನಿಗೆ ಕೊಡಬೇಕು. ಗೆದ್ದ ದಿನ ಕುದುರೆಯ ಸೈಸ್, ಅಂದರೆ ಅದನ್ನು ನೋಡಿಕೊಳ್ಳುವ ಆಳು, ಕೈ ಚಾಚುತ್ತಾನೆ, ಕೊಡದೆ ಬರುವುದು ಮರ್ಯಾದೆ ಅಲ್ಲ. ರೇಸ್ ಇರುವ ಊರಲ್ಲಿ ಬಾಡಿಗೆ ಮನೆ ಬೇಕು. ಎಲ್ಲಕ್ಕಿಂತ ಮುಖ್ಯ, ಮುಂದಿನ ವಾರಾಂತ್ಯಕ್ಕೆ ಐದು ಸವಾರಿ ಸಿಕ್ಕೇ ಸಿಗುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಬಹುಮಾನದ ಹಣ ಅದೇ ದಿನ ಕೈಗೂ ಬರುವುದಿಲ್ಲ. ಗೆದ್ದ ಕುದುರೆಯ ರಕ್ತ, ಮೂತ್ರದ ಮಾದರಿ ಲ್ಯಾಬಿಗೆ ಹೋಗುತ್ತದೆ. ನಿಷೇಧಿತ ಔಷಧ ಸಿಕ್ಕಿದರೆ ಗೆಲುವೇ ರದ್ದು. ನಿಮ್ಮ ಕಡೆಯ ಕಬ್ಬಿನ ಬಿಲ್ಲಿನ ಹಾಗೆ, ತೂಕ ಆದ ದಿನವೇ ಲೆಕ್ಕ ಗೊತ್ತಾಗುತ್ತದೆ, ರೊಕ್ಕಕ್ಕೆ ಕಾಯಬೇಕು. ಇದು ಬಡ ಜಾಕಿಯ ಪಾಡು ಮಾತ್ರ ಅಲ್ಲ. 2020ರಲ್ಲಿ ಮೊದಲ ಸೌದಿ ಕಪ್ ನಡೆಯಿತು. ಒಟ್ಟು ಬಹುಮಾನ 2 ಕೋಟಿ ಡಾಲರ್. ಮ್ಯಾಕ್ಸಿಮಮ್ ಸೆಕ್ಯೂರಿಟಿ ಅನ್ನುವ ಕುದುರೆ ಗೆದ್ದಿತು, ಮೇಲಿದ್ದವನು ಲೂಯಿಸ್ ಸಾಯೆಸ್. ಚಾಟಿ ಜಾಸ್ತಿ ಬೀಸಿದ ಅಂತ ಅವನಿಗೆ ಅಲ್ಲೇ ದೊಡ್ಡ ದಂಡ, ಅಮಾನತು. ಮುಂದಿನ ತಿಂಗಳು ಕುದುರೆಯ ಟ್ರೇನರ್ ಮೇಲೆ ಅಮೆರಿಕದಲ್ಲಿ ಔಷಧ ಕೊಟ್ಟ ಕೇಸು ಬಿತ್ತು. ಬಹುಮಾನ ತಡೆಹಿಡಿದರು. ವರ್ಷಗಳ ಮೇಲೆ ಆ ಕುದುರೆಯ ಗೆಲುವನ್ನೇ ತೆಗೆದುಹಾಕಿದರು.

ಸರಿ, ಹಾಗಾದರೆ ಲಕ್ಷ ಎಣಿಸುವವರು ಯಾರು? ಹೆಚ್ಚು ಸವಾರಿ ಸಿಗುವವರು. ಒಂದು ದಿನಕ್ಕೆ ಎಂಟು ರೇಸ್, ಒಂದೊಂದರಲ್ಲಿ ಹತ್ತು ಕುದುರೆ ಅಂದರೆ 80 ಸವಾರಿ. ಒಂದು ಕೇಂದ್ರದಲ್ಲಿ 40 ಜಾಕಿ ಇದ್ದರೆ ತಲೆಗೆ ಎರಡು ಬರಬೇಕು. ಹಾಗೆ ಆಗುವುದಿಲ್ಲ. ಮೇಲಿನ ಏಳೆಂಟು ಜನ ದಿನಕ್ಕೆ ಆರೇಳು ಸವಾರಿ ಮಾಡುತ್ತಾರೆ, ಅವೂ ಗೆಲ್ಲುವ ಕುದುರೆಗಳೇ. ಉಳಿದವರಿಗೆ ಮಿಕ್ಕಿದ್ದು. ಒಳ್ಳೆ ಕುದುರೆ ಇರುವ ಮಾಲೀಕ ಗೆದ್ದು ಗೊತ್ತಿರುವ ಜಾಕಿಯನ್ನೇ ಕೇಳುತ್ತಾನೆ. ಒಳ್ಳೆ ಕುದುರೆ ಸಿಕ್ಕವನು ಮತ್ತೆ ಗೆಲ್ಲುತ್ತಾನೆ. ದೊಡ್ಡ ಮಾಲೀಕರು ಇಂಥವರಿಗೆ ವರ್ಷಕ್ಕೆ ಇಷ್ಟು ಅಂತ ರಿಟೇನರ್ ಕೊಟ್ಟು ಕಟ್ಟಿಹಾಕುತ್ತಾರೆ. ನಮ್ಮ ಕುದುರೆ ಓಡುವಾಗ ಬೇರೆಯವರದನ್ನು ಹತ್ತಬಾರದು ಅಂತ ಕರಾರು. ಮೇಲಿಂದ ಡರ್ಬಿಯಂಥ ದೊಡ್ಡ ರೇಸ್ ಗೆದ್ದರೆ ಮಾಲೀಕ ಖುಷಿಯಿಂದ ಕೊಡುವ ಉಡುಗೊರೆ ಬೇರೆ.

ಈ ಉಡುಗೊರೆ, ರಿಟೇನರ್ ಎಲ್ಲವೂ ಆದಾಯವೇ, ತೆರಿಗೆ ಕಟ್ಟಬೇಕು. ಇಂಗ್ಲೆಂಡಿನ ಲೆಸ್ಟರ್ ಪಿಗಟ್ ಅಲ್ಲಿನ ಡರ್ಬಿಯನ್ನು ಒಂಬತ್ತು ಸಲ ಗೆದ್ದವನು. ಆದಾಯ ಮುಚ್ಚಿಟ್ಟದ್ದಕ್ಕೆ 1987ರಲ್ಲಿ ಜೈಲಿಗೆ ಹೋದ. ಲೆಕ್ಕದವನಾದ್ದರಿಂದ ಈ ಕಥೆ ಹೇಳದೆ ಇರಲು ನನಗೆ ಆಗುವುದಿಲ್ಲ, ಕ್ಷಮಿಸಿ.

ಸವಾರಿ ಸಿಗುವುದು ಹೇಗೆ ಅನ್ನುವುದೇ ಇಲ್ಲಿ ನಿಜವಾದ ಪ್ರಶ್ನೆ. ಮನೆತನ ಒಂದು ದಾರಿ. ಸೂರಜ್ ನರೇಡು ದೇಶದ ಮುಂಚೂಣಿ ಜಾಕಿ. ಅವರ ತಂದೆ ಜಾಕಿ ಆಗಿದ್ದು ಆಮೇಲೆ ಟ್ರೇನರ್ ಆದವರು. ಅವರ ಬಳಗದಲ್ಲೂ ಇದೇ ಕಸುಬು. ಪ್ರತಿಭೆ ಇಲ್ಲದೆ ಯಾರೂ ಸಾವಿರಗಟ್ಟಲೆ ರೇಸ್ ಗೆಲ್ಲುವುದಿಲ್ಲ, ನಿಜ. ಆದರೆ ಮೊದಲ ನೂರು ಸವಾರಿ ಸಿಗುವುದಕ್ಕೆ ಗುರುತು ಬೇಕು. ನಿಮ್ಮ ಮಗನಿಗೆ ಆ ಗುರುತು ಇಲ್ಲ. ಅವನ ದಾರಿ ಬೆಳಗಿನ ಟ್ರ್ಯಾಕ್.

ಬೆಳಗಿನ ಟ್ರ್ಯಾಕ್ ಅಂದರೆ ಏನು ಅಂತ ಹತ್ತಿರದಿಂದ ಹೇಳುತ್ತೇನೆ. ಇನ್ನೂ ಬೆಳಕು ಹರಿದಿರುವುದಿಲ್ಲ. ಸೈಸ್ ಕುದುರೆ ಹಿಡಿದು ತರುತ್ತಾನೆ. ಟ್ರೇನರ್ ಕಟಕಟೆಗೆ ಆನಿಕೊಂಡು ಸ್ಟಾಪ್‌ವಾಚ್ ಹಿಡಿದು ನಿಂತಿರುತ್ತಾನೆ. ಹುಡುಗನಿಗೆ ಹೇಳುವುದು ಒಂದೇ ಮಾತು: ‘ಕೊನೆಯ 600, ನಲವತ್ತರಲ್ಲಿ.’ ಅಂದರೆ ಕೊನೆಯ 600 ಮೀಟರನ್ನು 40 ಸೆಕೆಂಡಿನಲ್ಲಿ ತಾ. ಹುಡುಗನ ಕೈಯಲ್ಲಿ ಗಡಿಯಾರ ಇಲ್ಲ. ಕುದುರೆ ಸುಮಾರು 450 ಕೆಜಿ, ಓಡುವ ಹುಮ್ಮಸ್ಸಿನಲ್ಲಿದೆ, ಲಗಾಮು ಎಳೆಯುತ್ತಿದೆ. 37ರಲ್ಲಿ ತಂದರೆ ಕುದುರೆಯ ದಮ್ಮು ಬೆಳಿಗ್ಗೆಯೇ ಖರ್ಚಾಯಿತು. 44ರಲ್ಲಿ ತಂದರೆ ಕೆಲಸ ಆಗಲಿಲ್ಲ. 40 ಹೇಳಿದಾಗ 40ರಲ್ಲಿ, ಕುದುರೆ ಹಾಯಾಗಿ ಉಸಿರಾಡುತ್ತಾ ಬರುವಂತೆ ತರುವವನನ್ನು ಟ್ರೇನರ್ ನೆನಪಿಟ್ಟುಕೊಳ್ಳುತ್ತಾನೆ. ಆಮೇಲೆ ಕುದುರೆಯ ಕಾಲು ಹೇಗಿದೆ, ಎಡಕ್ಕೆ ವಾಲುತ್ತಾ, ಉಸಿರಿನಲ್ಲಿ ಸದ್ದು ಇದೆಯಾ ಅಂತ ಸರಿಯಾಗಿ ಹೇಳುವ ಹುಡುಗ ಇನ್ನೂ ಬೇಕಾದವನು. ರೇಸ್ ಪುಟಗಳಲ್ಲಿ ‘600/40’ ಅಂತ ಬರುತ್ತದಲ್ಲ, ಅದರ ಹಿಂದೆ ಇರುವುದು ಇಂಥ ಹುಡುಗನೇ.

ಜಾತ್ರೆಯ ಶರ್ಯತ್ತಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ಶರ್ಯತ್ತಿನಲ್ಲಿ ಕುದುರೆ ಬಿಟ್ಟು ಹೊಡೆಯುವುದೇ ಆಟ. ಹಿಂದೆ ಬೈಕಿನ ಹಿಂಡು, ಶಿಳ್ಳೆ, ಕೂಗು. ಅಲ್ಲಿ ಗೆದ್ದ ಹುಡುಗನಿಗೆ ಧೈರ್ಯ ಇದೆ, ಬ್ಯಾಲೆನ್ಸ್ ಇದೆ. ಈ ಎರಡನ್ನು ಕಲಿಸುವುದು ಕಷ್ಟ, ಅವನಿಗೆ ಅದು ಬಂದುಬಿಟ್ಟಿದೆ. ತಡೆದು ಹಿಡಿಯುವುದನ್ನು ಮಾತ್ರ ಹೊಸದಾಗಿ ಕಲಿಯಬೇಕು. ಚಾಟಿಯ ಚಾಳಿ ಇದ್ದರೆ ಅದನ್ನು ಮರೆಯಬೇಕು, ಇಲ್ಲಿ ಎಣಿಕೆ ಮೀರಿದರೆ ದಂಡ.

ಬೆಳಗಿನ ಈ ಕೆಲಸಕ್ಕೆ ಮಾತ್ರ ತಿಂಗಳ ಪಗಾರ ಕೊಟ್ಟು ಇಟ್ಟುಕೊಳ್ಳುವ ಹುಡುಗರಿದ್ದಾರೆ, ಅವರಿಗೆ ರೈಡಿಂಗ್ ಬಾಯ್ ಅನ್ನುತ್ತಾರೆ. ಹೆಸರು ಪೇಪರಿನಲ್ಲಿ ಬರುವುದಿಲ್ಲ. ಆದರೆ ತಿಂಗಳ ಕೊನೆಗೆ ಸಂಬಳ ಬರುತ್ತದೆ. ಇದರಲ್ಲಿ ಪಳಗಿದವರನ್ನು ದುಬೈ, ಇಂಗ್ಲೆಂಡ್, ಐರ್ಲೆಂಡ್, ಆಸ್ಟ್ರೇಲಿಯಾದ ಲಾಯಗಳು ಕೆಲಸಕ್ಕೆ ತಗೊಳ್ಳುತ್ತವೆ. ಅಲ್ಲಿ ಕುದುರೆ ಜಾಸ್ತಿ, ಬೆಳಿಗ್ಗೆ ನಾಲ್ಕಕ್ಕೆ ಏಳುವ ಜನ ಕಡಿಮೆ. ಇಲ್ಲಿ ವಾರಕ್ಕೆ ಎರಡು ಸವಾರಿ ಸಿಗದೆ ಒದ್ದಾಡುವ ಜಾಕಿಗಿಂತ ಅಲ್ಲಿ ದುಡಿಯುವ ಬೆಳಗಿನ ಸವಾರ (ವರ್ಕ್ ರೈಡರ್) ಮನೆಗೆ ಹೆಚ್ಚು ರೊಕ್ಕ ಕಳಿಸುತ್ತಾನೆ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಮಗನಿಗೆ ಇದನ್ನು ಈಗಲೇ ಹೇಳಿ. ಕೇಳಿಸಿಕೊಳ್ಳುವುದಿಲ್ಲ, ಆದರೂ ಹೇಳಿ.

ಕಲಿಯುವ ಹುಡುಗನಿಗೆ ಒಂದು ಅನುಕೂಲ ಇದೆ. ಹೆಚ್ಚಿನ ರೇಸ್‌ಗಳು ಹ್ಯಾಂಡಿಕ್ಯಾಪ್. ಜೋರು ಕುದುರೆಗೆ ಹೆಚ್ಚು ಭಾರ, ಸಾಧಾರಣ ಕುದುರೆಗೆ ಕಡಿಮೆ ಭಾರ. ಜಾಕಿ, ತಡಿ ಸೇರಿ ಮೇಲೆ 60 ಕೆಜಿ ಆಸುಪಾಸು, ಕೆಳಗೆ 50ರ ಆಸುಪಾಸು. ಅಪ್ರೆಂಟಿಸ್, ಅಂದರೆ ಕಲಿಯುವ ಜಾಕಿ, ಕೂತರೆ ಅದರಲ್ಲೂ ಕೆಲವು ಕೆಜಿ ರಿಯಾಯಿತಿ. 54 ಹೊರಬೇಕಾದ ಕುದುರೆ 51 ಹೊತ್ತರೆ ಸಾಕು ಅನ್ನಿ. ಆ ಮೂರು ಕೆಜಿಯ ಆಸೆಗೆ ಟ್ರೇನರ್‌ಗಳು ಹೊಸ ಹುಡುಗನನ್ನು ಕರೆಯುತ್ತಾರೆ. ಗೆಲುವು ಹೆಚ್ಚಾದಂತೆ ರಿಯಾಯಿತಿ ಕರಗುತ್ತದೆ. 40 ಗೆಲುವು ಆದ ಮೇಲೆ ಅವನು ಪೂರ್ಣ ಜಾಕಿ. ಮನೆಯಲ್ಲಿ ಪೇಡೆ ಹಂಚುತ್ತಾರೆ. ಮರುವಾರದಿಂದ ಅವನು ಸೂರಜ್ ನರೇಡು, ಪಿ. ಟ್ರೆವರ್ ಅಂಥವರ ಜೊತೆ ಸಮ ಭಾರದಲ್ಲಿ ಓಡಬೇಕು. ಭಾರ ಸಮ ಆದಮೇಲೆ ಹೊಸಬ ಯಾಕೆ ಬೇಕು ಅಂತ ಟ್ರೇನರ್ ಯೋಚಿಸುತ್ತಾನೆ. ನಾನು ಲೆಕ್ಕ ಬರೆಯುತ್ತಿದ್ದ ಹುಡುಗರಲ್ಲಿ ಆದಾಯ ಬಿದ್ದದ್ದು ಬಹುತೇಕ ಈ ಹಂತದಲ್ಲೇ. ಅಪ್ರೆಂಟಿಸ್ ಆಗಿದ್ದಾಗ ತುಂಬಿರುತ್ತಿದ್ದ ಪುಟ, ಜಾಕಿ ಆದ ಮೇಲೆ ಅರ್ಧ ಖಾಲಿ. ಬೈಕು, ಕಾರಿನ ಕಂತು ಮಾತ್ರ ಹಾಗೇ ಇರುತ್ತಿತ್ತು.

ಈಗ ತೂಕದ ಮಾತು. 16ಕ್ಕೆ 43 ಕೆಜಿ ಅಂದರೆ ಈಗೇನೋ ಸರಿ. 22ಕ್ಕೆ ಎಷ್ಟು? ನಿಮ್ಮ ಎತ್ತರ, ಅವನ ಸೋದರಮಾವಂದಿರ ಎತ್ತರ ನೋಡಿಕೊಳ್ಳಿ. ರೇಸಿಗೆ ಮುಂಚೆ ಜಾಕಿ ತಡಿ ಹಿಡಿದು ತಕ್ಕಡಿಯ ಮೇಲೆ ಕೂರುತ್ತಾನೆ. ಕಡಿಮೆ ಬಂದರೆ ತಡಿಯ ಕೆಳಗಿನ ಬಟ್ಟೆಯ ಕಿಸೆಗೆ ಸೀಸದ ತುಂಡು ಹಾಕುತ್ತಾರೆ. ಹೆಚ್ಚು ಬಂದರೆ ಆ ಸವಾರಿ ಇನ್ನೊಬ್ಬನಿಗೆ ಹೋಗಬಹುದು. ರೇಸ್ ಮುಗಿದ ಮೇಲೆ ಮತ್ತೆ ತೂಗುತ್ತಾರೆ, ಆಗ ಭಾರ ಕಡಿಮೆ ಬಂದರೆ ಗೆಲುವು ಹೋಯಿತು. ಹಾಗಾಗಿ ಶುಕ್ರವಾರ ರಾತ್ರಿ ಊಟ ಇಲ್ಲ. ಬಿಸಿಲಲ್ಲಿ ಪ್ಲಾಸ್ಟಿಕ್ ಜಾಕೆಟ್ ಹಾಕಿಕೊಂಡು ಓಡುವುದು, ಉಗಿಕೋಣೆಯಲ್ಲಿ ಕೂರುವುದು. ಬಾಯಿ ಒಣಗಿದರೆ ನೀರು ಮುಕ್ಕಳಿಸಿ ಉಗಿಯುವುದು, ನುಂಗುವುದಿಲ್ಲ. ಎರಡು ರೊಟ್ಟಿ, ಝುಣಕ, ಮೇಲೊಂದು ಗ್ಲಾಸ್ ಮಜ್ಜಿಗೆ ಅನ್ನುವ ನಮ್ಮ ಕಡೆಯ ಊಟ ಸೀಸನ್ ಮುಗಿಯುವವರೆಗೆ ಕನಸು.

ಬಿದ್ದರೆ? ಬೀಳುತ್ತಾರೆ. ಗಂಟೆಗೆ 60 ಕಿಮೀ ವೇಗ, ಹಿಂದೆ ಬೇರೆ ಕುದುರೆಗಳು. ಓಡುವ ಕುದುರೆಗಳ ಹಿಂದೆಯೇ ಆಂಬುಲೆನ್ಸ್ ಹೋಗುತ್ತದೆ, ಸುಮ್ನೆ ಹೋಗುವುದಿಲ್ಲ. ಭುಜದ ಹತ್ತಿರದ ಕೊರಳೆಲುಬು (ಕಾಲರ್ ಬೋನ್) ಮುರಿಯುವುದು ಈ ಕಸುಬಿನಲ್ಲಿ ಮಾಮೂಲಿ. ಮುರಿದ ಎಲುಬು ಕೂಡುವವರೆಗೆ ಸವಾರಿ ಇಲ್ಲ, ಗಳಿಕೆ ಇಲ್ಲ, ಅವನು ಕೂರುತ್ತಿದ್ದ ಕುದುರೆ ಇನ್ನೊಬ್ಬನದಾಗುತ್ತದೆ. ಕ್ಲಬ್‌ನ ವಿಮೆ ಎಷ್ಟಕ್ಕೆ, ಆಸ್ಪತ್ರೆ ಖರ್ಚಿಗೆ ಮಾತ್ರವೋ ಕಳೆದುಹೋದ ಗಳಿಕೆಗೂ ಇದೆಯೋ ಅಂತ ಸೇರುವ ಮುಂಚೆಯೇ ಕಾಗದದಲ್ಲಿ ಕೇಳಿ. ರೇಸಿನ ನಿಯಮ ನೋಡುವ ಅಧಿಕಾರಿಗಳಾದ ಸ್ಟಿವಾರ್ಡ್‌ಗಳು ಅಮಾನತು ಮಾಡಿದಾಗಲೂ ಇದೇ ಕಥೆ. ಇನ್ನೊಂದು ಕುದುರೆಯ ದಾರಿಗೆ ಅಡ್ಡ ಬಂದರೆ ಕೆಲವು ರೇಸ್ ದಿನ ಮನೆ. ಕುದುರೆಯನ್ನು ಬೇಕಂತಲೇ ತಡೆದ ಅಂತ ಸಾಬೀತಾದರೆ ವರ್ಷಗಳೇ ಹೋಗಬಹುದು. ಜಾಕಿ ಬಾಜಿ ಕಟ್ಟುವ ಹಾಗಿಲ್ಲ. ರೇಸ್ ಹೊತ್ತಿನಲ್ಲಿ ಮೊಬೈಲ್ ಮುಟ್ಟುವ ಹಾಗಿಲ್ಲ. ನಿಮ್ಮ ಮಗನಿಗೆ ಸವಾರಿ ಸಿಗಲು ಶುರುವಾದ ಕೂಡಲೇ ಊರಿನ ಹಳೇ ಗೆಳೆಯರು ‘ನಾಳೆ ಯಾವ ಕುದುರೆ?’ ಅಂತ ಫೋನ್ ಮಾಡುತ್ತಾರೆ. ಅವನ ಲೈಸೆನ್ಸಿಗೆ ಅದರಷ್ಟು ಅಪಾಯ ಇನ್ನೊಂದಿಲ್ಲ.

ಇನ್ನು ಬಹುಮಾನದ ರೊಕ್ಕದ ಮೂಲ. ಕ್ಲಬ್ ನಡೆಸುವ ಟೋಟ್‌ನ, ಅಂದರೆ ಬಾಜಿ ಹಣ ಒಟ್ಟುಗೂಡಿಸಿ ಗೆದ್ದವರಿಗೆ ಹಂಚುವ ವ್ಯವಸ್ಥೆಯ, ಕಮಿಷನ್, ಬುಕ್ಕಿಗಳು ಕಟ್ಟುವ ಶುಲ್ಕ, ಮಾಲೀಕರ ಪ್ರವೇಶ ಶುಲ್ಕ, ಪ್ರಾಯೋಜಕರು. ಇದರಲ್ಲಿ ದೊಡ್ಡದು ಬಾಜಿಯಿಂದ ಬರುವುದೇ. ಕುದುರೆ ರೇಸ್ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದರಿಂದ ಕ್ಲಬ್ ಒಳಗಿನ ಬಾಜಿ ಉಳಿದುಕೊಂಡಿದೆ. ಆದರೆ 2017ರಲ್ಲಿ ಇದರ ಮೇಲೆ ಶೇ 28 ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ತೆರಿಗೆ ಏರಿದಂತೆ ಬಾಜಿ ಕಟ್ಟುವವರು ಕಳ್ಳ ಬುಕ್ಕಿಗಳ ಕಡೆ ಜಾರುತ್ತಾರೆ, ಕ್ಲಬ್‌ನ ವಹಿವಾಟು ಕುಗ್ಗುತ್ತದೆ, ಬಹುಮಾನ ಇಳಿಯುತ್ತದೆ. ಜಾಕಿಯ ಏಳೂವರೆ ಏಳೂವರೆಯಾಗೇ ಇದ್ದರೂ ಕೈಗೆ ಬರುವುದು ಕಡಿಮೆ. ರೇಸ್ ನಿಂತೇ ಹೋಗುವುದೂ ಉಂಟು. ಕೊರೊನಾ ಬಂದಾಗ ತಿಂಗಳುಗಟ್ಟಲೆ ನಿಂತಿತು. 2024ರ ಜೂನ್‌ನಲ್ಲಿ ಬೆಂಗಳೂರಿನ ಪರವಾನಗಿ ವಿಷಯ ಹೈಕೋರ್ಟ್ ಮೆಟ್ಟಿಲೇರಿದಾಗ ಅಲ್ಲಿಯ ರೇಸ್ ನಿಂತಿತ್ತು. ಅಂಥ ಹೊತ್ತಿನಲ್ಲಿ ಕುದುರೆಗೆ ಹುಲ್ಲು, ಕಾಳು ತಪ್ಪುವುದಿಲ್ಲ. ಜಾಕಿಯ ಗಳಿಕೆ ಮಾತ್ರ ಸೊನ್ನೆ.

ವಯಸ್ಸಾದ ಮೇಲೆ ಏನು ಅಂತಲೂ ನೀವು ಯೋಚಿಸುತ್ತಿರಬೇಕು. ಇಂಡಿಯನ್ ಡರ್ಬಿಯನ್ನು ಎಂಟು ಸಲ ಗೆದ್ದ ಪೇಸಿ ಶ್ರಾಫ್ ನಿವೃತ್ತಿಯಾಗಿ ಟ್ರೇನರ್ ಆದರು, ಅಲ್ಲೂ ಚಾಂಪಿಯನ್ ಆದರು. ಎಲ್ಲರೂ ಪೇಸಿ ಶ್ರಾಫ್ ಆಗುವುದಿಲ್ಲ. ಹೆಚ್ಚಿನವರು ಮತ್ತೆ ಬೆಳಗಿನ ಸವಾರಿಗೆ, ಸಹಾಯಕ ಟ್ರೇನರ್ ಕೆಲಸಕ್ಕೆ, ಕುದುರೆ ಮರಿ ಮಾಡಿಸುವ ಸ್ಟಡ್ ಫಾರ್ಮ್‌ಗಳಿಗೆ ಹೋಗುತ್ತಾರೆ.

ಕಳಿಸಬೇಕಾ ಬೇಡವಾ? ನನ್ನನ್ನು ಕೇಳಿದರೆ, ಮೂರು ವರ್ಷದ ಗಡುವು ಇಟ್ಟು ಕಳಿಸಿ. ಬೆಳಗಾವಿಯ ಗಾಲ್ಫ್ ಮೈದಾನದ ಕಡೆ ರೇಸ್ ಕೋರ್ಸ್ ಅನ್ನುವ ಹೆಸರು ಉಳಿದಿದೆ, ರೇಸ್ ಇಲ್ಲ. ನಿಮಗೆ ಹತ್ತಿರದ್ದು ಪುಣೆ. ರಾಯಬಾಗದಲ್ಲಿ ರೈಲು ಹತ್ತಿದರೆ ಮಿರಜ್ ಮೇಲೆ ನೇರ ಹೋಗಬಹುದು, ಬೆಂಗಳೂರಿಗಿಂತ ಹತ್ತಿರ. ಅಲ್ಲಿ ಜುಲೈಯಿಂದ ಅಕ್ಟೋಬರ್ ತನಕ ರೇಸ್, ನವೆಂಬರ್‌ನಿಂದ ಏಪ್ರಿಲ್ ತನಕ ಅದೇ ಕುದುರೆ, ಅದೇ ಜನ ಮುಂಬೈಯ ಮಹಾಲಕ್ಷ್ಮಿಯಲ್ಲಿ. ನಿಮ್ಮ ಮಗನಿಗೆ ಮರಾಠಿ ಬರುತ್ತದೆ ಅಂದುಕೊಳ್ಳುತ್ತೇನೆ, ಅಲ್ಲಿ ಅರ್ಧ ಕಷ್ಟ ಅದರಿಂದಲೇ ಕಡಿಮೆ. ಬೆಂಗಳೂರು ಟರ್ಫ್ ಕ್ಲಬ್ ಕೂಡ ಅಪ್ರೆಂಟಿಸ್‌ಗಳಿಗೆ ತರಬೇತಿ ಕೊಡುತ್ತದೆ, ಮೈಸೂರಿನ ಸೀಸನ್ನೂ ಆ ಕಡೆಯವರಿಗೆ ಸೇರುತ್ತದೆ. ಎರಡೂ ಕಡೆಗೆ ನೇರ ಕ್ಲಬ್‌ಗೇ ಅರ್ಜಿ ಹಾಕಿ. ನಡುವೆ ‘ಸೇರಿಸಿಕೊಡುತ್ತೇನೆ’ ಅಂತ ರೊಕ್ಕ ಕೇಳುವವನು ಬಂದರೆ ಬಾಗಿಲು ಹಾಕಿಕೊಳ್ಳಿ. ಜನ್ಮ ದಾಖಲೆ, ಅಂಕಪಟ್ಟಿ, ವೈದ್ಯಕೀಯ ಪತ್ರ ಸಿದ್ಧ ಇರಲಿ. ಅಪ್ರೆಂಟಿಸ್ ಗಳಿಕೆಯಲ್ಲಿ ಕಲಿಸುವವನ ಪಾಲು ಎಷ್ಟು, ಹುಡುಗನ ಖಾತೆಗೆ ಎಷ್ಟು ಅನ್ನುವುದನ್ನು ಬರವಣಿಗೆಯಲ್ಲೇ ತಗೊಳ್ಳಿ. ಪಿಯುಸಿಯನ್ನು ಹೊರಗಿನಿಂದ ಕಟ್ಟಿಸಿ.

ಕುದುರೆ ಮಾತ್ರ ಕೊಡಿಸಬೇಡಿ. ಜಾಕಿ ರೇಸ್ ಕುದುರೆಯ ಮಾಲೀಕ ಆಗುವ ಹಾಗೇ ಇಲ್ಲ. ಶರ್ಯತ್ತಿನ ಕುದುರೆ ರೇಸ್ ಟ್ರ್ಯಾಕಿಗೆ ಬರುವುದೂ ಇಲ್ಲ, ಅಲ್ಲಿ ಓಡುವುದು ವಂಶಾವಳಿ ದಾಖಲಾದ ಥರೋಬ್ರೆಡ್ ಮಾತ್ರ. ಆ ರೊಕ್ಕದಲ್ಲಿ ಒಂದು ಒಳ್ಳೆ ಹೆಲ್ಮೆಟ್, ಎದೆಗವಚ ಕೊಡಿಸಿ. ಉಳಿದದ್ದನ್ನು ಅವನ ಹೆಸರಲ್ಲಿ ಬ್ಯಾಂಕಿನಲ್ಲಿ ಇಡಿ. 40 ಗೆಲುವು ಆದ ಮೇಲಿನ ವರ್ಷ ಅದು ಬೇಕಾಗುತ್ತದೆ.